ಸೊಂಟಕ್ಕೆ ಕಟ್ಟಿದ ಸೋರೆಬುರುಡೆ

ನಮ್ಮ ಮನೆಯ ಹಿತ್ತಿಲು ದಾಟಿ ಇಪ್ಪತ್ತು ಹೆಜ್ಜೆ ಹಾಕಿದರೆ ನಾಲೆ. ಮದುವೆಯಾಗಿ ಭೇರ್ಯದ ಹತ್ತಿರದ ಆ ಊರಿಗೆ ಬಂದ ಹೊಸತರಲ್ಲಿ ನಮ್ಮ ಯಜಮಾನರು ಅದನ್ನು ತೋರಿಸಿ, "ನೋಡು, ಇನ್ಮೇಲೆ ನೀರಿಗೆ ಅಂತ ಮೈಲಿಗಟ್ಲೆ ನಡಿಯಂಗಿಲ್ಲ ನೀನು" ಎಂದಿದ್ದರು. ನಾನು ಪಿರಿಯಾಪಟ್ಟಣದ ಕಡೆಯ ಹೊಲದ ಸೀಮೆಯವಳು. ರಾಗಿ, ಹುರುಳಿ, ಒಂದಿಷ್ಟು ಹೊಗೆಸೊಪ್ಪು ಬೆಳೆಯುವ ಊರು ನಮ್ಮದು. ಬಾವಿಯಲ್ಲಿ ನೀರು ಪಾತಾಳದಲ್ಲಿರುತ್ತಿತ್ತು. ಹಾಗಿರುವಾಗ ಅಷ್ಟೊಂದು ನೀರು ಮನೆಯ ಹಿಂದೆಯೇ ಪುಕ್ಕಟೆ ಹರಿಯುವುದನ್ನು ಕಂಡು ನನಗೆ ಖುಷಿಯಾಗಿದ್ದು ನಿಜ. ಆದರೆ ಆ ಖುಷಿ ಉಳಿದದ್ದು ಮಗಳು ಅಂಬೆಗಾಲಿಡುವ ತನಕ ಮಾತ್ರ.

ಆರು ವರ್ಷ ಕಾದು, ಕಂಡ ದೇವರಿಗೆಲ್ಲ ಹರಕೆ ಹೊತ್ತು ಹೆತ್ತ ಮಗಳು. ಆಮೇಲೆ ಇನ್ನೊಂದು ಆಗಲಿಲ್ಲ. ಅವಳು ತೆವಳಲು ಶುರು ಮಾಡಿದ ದಿನವೇ ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಿಸಿದೆ. ನಡೆಯಲು ಕಲಿತಾಗ ಕಾಲಿಗೆ ಗೆಜ್ಜೆ ಕಟ್ಟಿದೆ. ಚೆಂದಕ್ಕಲ್ಲ, ಎಲ್ಲಿದ್ದಾಳೆಂದು ಕಿವಿಗಾದರೂ ತಿಳಿಯಲಿ ಎಂದು. ನಾಟಿಯ ದಿನಗಳಲ್ಲಿ ಹಳೆಯ ಸೀರೆಯ ತುಂಡಿನಿಂದ ಅವಳನ್ನು ನಡುಮನೆಯ ಕಂಬಕ್ಕೆ ಕಟ್ಟಿದ್ದೂ ಉಂಟು. ನಮ್ಮತ್ತೆ ಅದನ್ನು ಕಂಡವರೇ, "ಕರೂನೂ ಇಂಗೆ ಬಿಗಿಯಾಕಿಲ್ಲ ಕಣಮ್ಮಿ ನಾವು" ಎಂದು ಗಂಟು ಬಿಚ್ಚಿ ಎಸೆಯುತ್ತಿದ್ದರು.

ನಮ್ಮತ್ತೆಯ ವಿಷಯ ಹೇಳಬೇಕು. ಎತ್ತರದ ಹೆಂಗಸು, ಗಂಡಸರಂಥ ಹೆಜ್ಜೆ, ಮಾತು ಕೊಡಲಿ ಪೆಟ್ಟು. ಅವರ ಲೆಕ್ಕದಲ್ಲಿ ಮಕ್ಕಳನ್ನು ಸಾಕುವುದೆಂದರೆ ಬೆಳಗ್ಗೆ ಒಂದು ರೊಟ್ಟಿ ಕೈಗಿಟ್ಟು ಆಚೆಗೆ ಅಟ್ಟುವುದು, ಹಸಿವಾಗಿ ಬಂದರೆ ಮತ್ತೊಂದು ಕೊಡುವುದು, ಅಷ್ಟೆ. ಮೊಮ್ಮಗಳನ್ನು ಕಂಕುಳಿಗೇರಿಸಿಕೊಂಡು ಗದ್ದೆ ಬದುವಿನ ಮೇಲೆ ಹೊರಟರೆ ಬಿಸಿಲು ನೆತ್ತಿಗೇರುವವರೆಗೆ ಇಬ್ಬರ ಪತ್ತೆಯೂ ಇರುತ್ತಿರಲಿಲ್ಲ. ಏಡಿಯನ್ನು ಹಿಂದಿನಿಂದ ಹಿಡಿಯುವುದು, ತೆಂಗಿನ ಗರಿಯಲ್ಲಿ ಪೀಪಿ ಸುತ್ತುವುದು, ಮುಳ್ಳು ತಾಗದ ಹಾಗೆ ಕಾರೆಹಣ್ಣು ಕೀಳುವುದು, ಎಲ್ಲ ಅವರೇ ಕಲಿಸಿದ್ದು. ಒಮ್ಮೆ ಐದು ವರ್ಷದ ನನ್ನ ಮಗಳು ಲಂಗದ ತುಂಬ ಬಸವನಹುಳ ತಂದು ನಾನು ಕೇರುತ್ತಿದ್ದ ಅಕ್ಕಿಯ ಮೊರಕ್ಕೆ ಸುರಿದಳು. ನಾನು ಕಿಟಾರನೆ ಕಿರುಚಿಕೊಂಡೆ. ಅಜ್ಜಿ ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅವ್ವಾ, ಇವು ಮನೆ ಒತ್ಕೊಂಡೇ ತಿರುಗ್ತವೆ. ಕತ್ತಲಾಯ್ತು ಮನೇಗೆ ಬಾ ಅಂತ ಯಾರೂ ಕೂಗಾಕಿಲ್ಲ" ಎಂದಳು ಮಗಳು. ಅವಳ ಆ ಬಾಯಿಗೆ ನಾನು ಬೈದರೆ ಅತ್ತೆ, "ತಾಯಿಯಂತೆ ಮಗಳು, ನೂಲಿನಂತೆ ಸೀರೆ" ಎಂದು ನನ್ನ ಕಡೆಗೇ ತಿರುಗಿಸಿಬಿಟ್ಟರು.

ಮಣ್ಣು, ಮರ, ಬಿಸಿಲು, ಎಲ್ಲದಕ್ಕೂ ನಾನು ಸೋತೆ. ನಾಲೆಯ ವಿಷಯದಲ್ಲಿ ಮಾತ್ರ ಸೋಲಲಿಲ್ಲ. ಮಗಳ ಕೈಯನ್ನು ನನ್ನ ತಲೆಯ ಮೇಲಿಡಿಸಿಕೊಂಡು ಆಣೆ ಮಾಡಿಸಿದ್ದೆ. ನೀರು ಮುಟ್ಟಿದರೆ ಅವ್ವನ ತಲೆ ಹೋಳಾಗುತ್ತದೆ ಎಂದೂ ಹೇಳಿದ್ದೆ. ಮಗುವಿಗೆ ಹೇಳುವ ಮಾತೇ ಅದು? ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಎಪ್ಪತ್ತರ ದಶಕದ ಶುರುವಿನ ಒಂದು ದಸರಾ ರಜೆ. ಅವಳಿಗೆ ಏಳು ವರ್ಷ. ಹೆಂಗಸರು ಬಟ್ಟೆ ಒಗೆಯುವ ಸೋಪಾನದ ಬಳಿ ನಾಲೆ ಅಗಲವಾಗಿ ಹಿಗ್ಗಿ ನೀರು ನಿಧಾನವಾಗುತ್ತದೆ. ಊರ ಮಕ್ಕಳೆಲ್ಲ ಈಜು ಬೀಳುವುದು ಅಲ್ಲೇ. ಒಂದು ದಿನ ಮಗಳು ಮನೆಯಲ್ಲಿ ಕಾಣದೆ, ಎದೆ ಹೊಡೆದುಕೊಂಡು ಅಲ್ಲಿಗೆ ಓಡಿದೆ. ಹೆಣ್ಣುಗಂಡೆನ್ನದೆ ಹತ್ತು ಹದಿನೈದು ಮಕ್ಕಳು ಕಪ್ಪೆಗಳ ಹಾಗೆ ದುಮುಕುತ್ತಿದ್ದವು. ನನ್ನ ಮಗಳು ಮೇಲಿನ ಮೆಟ್ಟಿಲ ಮೇಲೆ ಕಾಲು ಮಡಚಿಕೊಂಡು, ಬೆರಳ ತುದಿಗೂ ನೀರು ಹಾರದ ಹಾಗೆ ಲಂಗವನ್ನು ಒತ್ತಿ ಹಿಡಿದು ಕೂತಿದ್ದಳು. ನನ್ನನ್ನು ಕಂಡವಳೇ ಎದ್ದು ನಿಂತಳು.

"ಮುಟ್ಟಿಲ್ಲ ಕಣವ್ವ, ಬರೀ ನೋಡ್ತಿದ್ದೆ. ನಿನ್ ತಲೆಗೆ ಏನೂ ಆಗಾಕಿಲ್ಲ."

ಹೊಡೆಯಲು ಎತ್ತಿದ್ದ ಕೈ ಹಾಗೇ ಇಳಿಯಿತು. ನನಗೆ ಅಳು ಬಂತು. ಊರ ಮಕ್ಕಳೆಲ್ಲ ನೀರಿನಲ್ಲಿ ಕೇಕೆ ಹಾಕುವಾಗ ನನ್ನ ಮಗು ನನ್ನ ತಲೆಯನ್ನು ಕಾಯುತ್ತ ಕೂತಿತ್ತಲ್ಲ! ಅದಕ್ಕಿಂತ ಹೆಚ್ಚಾಗಿ, ಒಂದಲ್ಲ ಒಂದು ದಿನ ಅವಳ ಕಾಲು ಜಾರಿದರೆ ಆಣೆ ಅವಳನ್ನು ತೇಲಿಸುವುದಿಲ್ಲ ಎಂಬುದು ನನಗೆ ಅವತ್ತೇ ಹೊಳೆದದ್ದು.

ಯಜಮಾನರಿಗೆ ಹೇಳಿದೆ. "ಕಳೆ ಕೆಲಸ ಮುಗೀಲಿ, ಕಲುಸ್ತೀನಿ ಬುಡು" ಎಂದರು. ಅವರ ಕಳೆ ಮುಗಿದದ್ದನ್ನು ಕಂಡವರಾರು? ಅತ್ತೆಯನ್ನು ಕೇಳಬಹುದಿತ್ತು. ಆದರೆ ಏಳು ವರ್ಷ ಅವರೊಡನೆ ಜಗಳವಾಡಿ ಈಗ ಕೇಳುವುದೆಂದರೆ ಮೂಗು ಕುಯ್ಯಿಸಿಕೊಂಡ ಹಾಗೆ. ನಾನೇ ಕಲಿಸುತ್ತೇನೆ ಎಂದುಕೊಂಡೆ. ಈಜು ಬಾರದವಳು ಈಜು ಕಲಿಸಲು ಹೊರಟೆ!

ಮಾರನೆಯ ಮಧ್ಯಾಹ್ನ ಅತ್ತೆ ಕಳೆಯಾಳುಗಳಿಗೆ ಬುತ್ತಿ ಹೊತ್ತು ಗದ್ದೆಗೆ ಹೋದರು. ಅಟ್ಟದ ಮೇಲೆ ಅತ್ತೆ ಅವರೆಕಾಳಿನ ಬೀಜ ತುಂಬಿಟ್ಟಿದ್ದ ದೊಡ್ಡ ಒಣ ಸೋರೆಬುರುಡೆ ಇತ್ತು. ಬೀಜವನ್ನು ಮಡಕೆಗೆ ಸುರಿದು, ಬುರುಡೆಯ ಬಾಯಿಗೆ ಬಟ್ಟೆಯ ಬಿರಡೆ ಬಿಗಿದು ಮೇಣ ಮೆತ್ತಿ, ಮಗಳನ್ನು ಕರೆದುಕೊಂಡು ಸೋಪಾನಕ್ಕೆ ಹೋದೆ. ಮಕ್ಕಳು ಉಣ್ಣಲು ಹೋಗಿದ್ದವು, ಯಾರೂ ಇರಲಿಲ್ಲ. ಬುರುಡೆ ಕಟ್ಟಿಕೊಂಡು ಈಜುವುದನ್ನು ದೂರದಿಂದ ಕಂಡಿದ್ದೆನೇ ಹೊರತು ಎಲ್ಲಿಗೆ ಕಟ್ಟುತ್ತಾರೆಂದು ನೋಡಿರಲಿಲ್ಲ. ನಮ್ಮೂರ ಕಡೆ ಬಾವಿಯ ಹೂಳೆತ್ತಲು ಇಳಿಯುವವರಿಗೆ ಹಗ್ಗ ಬಿಗಿಯುವುದು ಸೊಂಟಕ್ಕೆ. ನೀರಿಗಿಳಿಯುವವರಿಗೆ ಏನು ಕಟ್ಟಿದರೂ ಸೊಂಟಕ್ಕೇ ಎಂಬುದು ನನ್ನ ಪಾಲಿಗೆ ವೇದವಾಕ್ಯ. ಬುರುಡೆಯನ್ನು ಮಗಳ ಸೊಂಟಕ್ಕೆ ಮೂರು ಸುತ್ತು ಬಿಗಿದೆ. "ಆಣೆ ವಾಪಸ್ಸು ತಗೊಂಡಿದ್ದೀನಿ, ಇಳಿ" ಎಂದೆ.

ಅವಳ ಮುಖ ನೋಡಬೇಕಿತ್ತು! ಒಂದೊಂದೇ ಮೆಟ್ಟಿಲು ಇಳಿದಳು. ಎದೆಯ ಮಟ್ಟ ನೀರಿಗೆ ಬಂದು, ನನ್ನ ಕಡೆ ತಿರುಗಿ ನಕ್ಕು, ಕಾಲೆತ್ತಿದಳು.

ಬುರುಡೆ ಟಪಕ್ಕನೆ ಮೇಲೆದ್ದಿತು. ಅದರ ಜೊತೆಗೆ ಸೊಂಟ, ಎರಡು ಕಾಲು. ತಲೆ ಮಾತ್ರ ಇಲ್ಲ. ಎರಡು ಸಣ್ಣ ಪಾದಗಳು ಗಾಳಿಯಲ್ಲಿ ಒದೆಯುತ್ತಿದ್ದವು.

ನಾನು ಏನು ಕೂಗಿದೆನೋ ನೆನಪಿಲ್ಲ. ಧುಮುಕಿದ್ದು ನೆನಪಿದೆ. ಸೀರೆ ಸುತ್ತ ಉಬ್ಬಿಕೊಂಡಿತು, ಪಾಚಿಗಟ್ಟಿದ ಮೆಟ್ಟಿಲು ಜಾರಿತು, ಬಾಯಿ ಮೂಗಿಗೆ ನೀರು ನುಗ್ಗಿತು. ಮಗಳ ಲಂಗ ಕೈಗೆ ಸಿಕ್ಕಿತು, ತಪ್ಪಿತು. ಆಮೇಲೆ ಯಾರೋ ನನ್ನ ತುರುಬನ್ನು ಹಿಡಿದು ಜಗ್ಗಿದರು. ಕಣ್ಣು ಬಿಟ್ಟಾಗ ಮೆಟ್ಟಿಲ ಮೇಲೆ ಮಗಳು ಕೆಮ್ಮಿ ಕೆಮ್ಮಿ ಅಳುತ್ತಿದ್ದಳು. ಅವಳ ಪಕ್ಕದಲ್ಲಿ ಕಚ್ಚೆ ಕಟ್ಟಿದ ನಮ್ಮತ್ತೆ, ಅರವತ್ತು ದಾಟಿದ ಹೆಂಗಸು, ಮೈಯೆಲ್ಲ ನೀರು ಸುರಿಸುತ್ತ ನಿಂತಿದ್ದರು. ಗದ್ದೆಯಿಂದ ಏರಿಯ ಮೇಲೆ ವಾಪಸು ಬರುತ್ತಿದ್ದವರು ನನ್ನ ಕೂಗು ಕೇಳಿ ಓಡಿಬಂದು, ಮೊದಲು ಮಗುವನ್ನು, ಆಮೇಲೆ ನನ್ನನ್ನು ಎಳೆದು ಹಾಕಿದ್ದರು.

"ನಿನ್ ಮನೆ ಕಾಯ್ವಾಗ! ಸೊಂಟಕ್ಕೆ ಕಟ್ಟಿದ್ದೀಯಲ್ಲಮ್ಮಿ, ಮಗಿನ್ನ ಏನು ಬಾವಿಗೆ ಇಳುಸ್ತಿದ್ದಾ? ಬೆನ್ನಿಗೆ ಕಟ್ಬೇಕು, ಕಂಕುಳ ಕೆಳ್ಗೆ! ಸೊಂಟ ತೇಲುದ್ರೆ ತಲೆ ಮುಳುಗ್ದೆ ಇನ್ನೇನಾದಾತು?"

ನಾನು ಮಗಳನ್ನು ತಬ್ಬಿಕೊಂಡು ಗೋಳೋ ಎಂದು ಅತ್ತುಬಿಟ್ಟೆ. "ನನ್ ತಪ್ಪು ಅತ್ತೆಮ್ಮ. ಇನ್ನು ಇವಳು ಈ ಕಡೆ ತಲೆ ಹಾಕ್ದಂಗೆ ನೋಡ್ಕತೀನಿ" ಎಂದೆ.

"ಈವಾಗ್ಲೇ ಇಳೀಬೇಕು" ಎಂದರು ಅತ್ತೆ. "ಇವತ್ತು ಎದರ್ಕೊಂಡು ಮನೆಗ್ ನಡೆದ್ರೆ ಮಗೀಗೆ ಸಾಯೋಗಂಟ ಎದರಿಕೆ." ನನ್ನ ತೋಳಿಂದ ಮಗುವನ್ನು ಕಿತ್ತುಕೊಂಡು, ಎದೆಗೊತ್ತಿಕೊಂಡು, ಏನೇನೋ ಮಾತಾಡಿಸುತ್ತ ಮತ್ತೆ ನೀರಿಗಿಳಿದರು. ಬಿಕ್ಕುತ್ತಲೇ ಇದ್ದ ಮಗು ಮೆಲ್ಲಗೆ ನೀರನ್ನು ಕೈಯಿಂದ ಬಡಿಯಿತು. ಆಗ ಅತ್ತೆ ನನ್ನನ್ನೂ ನೋಡಿ, "ನಾಳೆಯಿಂದ ನೀನೂವೆ. ಮುಳುಗೋ ತಾಯಿ ಯಾವ ಮಗಾನ ಎತ್ತಾಳು?" ಎಂದರು.

ಮಾರನೆಯ ದಿನ ಬೇಲಿಯ ಕತ್ತಾಳೆಯ ಒಣಗಿದ ಹೂಗೋಲುಗಳನ್ನು ಕಡಿದು ತಂದರು. ಒಳಗೆಲ್ಲ ಬೆಂಡು, ಹತ್ತಿಯಷ್ಟು ಹಗುರ. ಮಗಳ ಬೆನ್ನಿಗೆ ಒಂದು, ನನ್ನ ಬೆನ್ನಿಗೆ ನಾಲ್ಕು ಸೇರಿಸಿದ ಕಂತೆ. ಗಂಡಸರು ಗದ್ದೆಗೆ ಹೋದ ಹೊತ್ತು ನೋಡಿ ಇಳಿದರೂ ಮಕ್ಕಳ ಕಣ್ಣು ತಪ್ಪಿಸಲಾಗುತ್ತದೆಯೇ? "ನೋಡ್ರಲಾ, ಚಿಗವ್ವಂಗೆ ಸೌದೆ ಒರೆ ಕಟ್ಟವ್ರೆ!" ಎಂದು ಕೇಕೆ ಹಾಕಿದವು. ನಾಚಿಕೆಯಿಂದ ಸಾಯುವಂತಾಯಿತು. ಆದರೆ ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು? ನಾನೂ ಕೈಕಾಲು ಬಡಿದೆ. ಬಡಿದಷ್ಟೂ ಇದ್ದಲ್ಲೇ ಇದ್ದೆ. ಮಗಳು ನನ್ನ ಸುತ್ತ ತೇಲುತ್ತ, "ಅವ್ವಾ, ಒಟ್ಟೆ ಮೇಲೆತ್ತು, ಕಾಲು ಬಿಗೀಬ್ಯಾಡ" ಎಂದು ಹೇಳಿಕೊಡುತ್ತಿದ್ದಳು. ಅಷ್ಟು ನಕ್ಕ ದಿನಗಳು ನನ್ನ ಜೀವಮಾನದಲ್ಲೇ ಕಡಿಮೆ.

ಕಲಿಸುವ ಕ್ರಮ ಹೀಗೆ. ದಿನಕ್ಕೆ ನಾಲ್ಕು ಬೆರಳಿನಷ್ಟು ಬೆಂಡನ್ನು ಕಡಿದು ಸಣ್ಣದು ಮಾಡುತ್ತ ಹೋಗಬೇಕು. ಆಸರೆ ಕಡಿಮೆಯಾದದ್ದು ಮೈಗೆ ತಿಳಿಯುವುದೇ ಇಲ್ಲ. ಅತ್ತೆ ಕುಡುಗೋಲನ್ನು ನನ್ನ ಕೈಗೆ ಕೊಟ್ಟು, "ನಿನ್ ಮಗಿನ ಬೆಂಡು ನೀನೇ ಕಡಿ" ಎಂದರು. ನಾನು ಎರಡೇ ಬೆರಳು ಕಡಿಯುತ್ತಿದ್ದೆ. ಎರಡು ದಿನ ನಡೆಯಿತು ಆ ಕಳ್ಳಾಟ. ಮೂರನೆಯ ದಿನ ಅತ್ತೆ ತಮ್ಮ ಬೆರಳಿಟ್ಟು ಅಳೆದು, "ಇದ್ಯಾವ ಇಲಿ ಬೆಳ್ಳಲ್ಲಿ ಅಳ್ದೆ?" ಎಂದು ತಾವೇ ಒಂದು ತುಂಡು ಹಾರಿಸಿದರು. ಮಗಳು ಮೀನಿನ ಹಾಗೆ ಈಜುತ್ತಾಳೆ ಎಂದು ನಾನು ಕೊಚ್ಚಿಕೊಂಡರೆ ಮಾತ್ರ, "ಹೆತ್ತೋರಿಗೆ ಹೆಗ್ಗಣ ಮುದ್ದು" ಎಂದು ನಗುತ್ತಿದ್ದರು.

ರಜೆ ಮುಗಿಯುವ ಹೊತ್ತಿಗೆ ಅವಳ ಬೆನ್ನಿನ ಮೇಲೆ ಉಳಿದದ್ದು ಅಂಗೈಯಷ್ಟು ತುಂಡು. ಅದನ್ನು ಬಿಚ್ಚಲು ನನಗೆ ಮನಸ್ಸೇ ಬರಲಿಲ್ಲ. ಇವತ್ತೊಂದು ದಿನ ಇರಲಿ, ನಾಳೆ ಒಂದು ದಿನ ಇರಲಿ ಎಂದೆ.

"ಅದು ಕಪ್ಪೇನೂ ತೇಲ್ಸಾಕಿಲ್ಲ ಕಣಮ್ಮಿ" ಎಂದರು ಅತ್ತೆ. "ಮಗಾ ಅದ ಮರ್ತು ಮೂರು ದಿನ ಆಯ್ತು. ನೀನೇ ಇಡ್ಕೊಂಡಿರೋದು."

ಎದೆಮಟ್ಟದ ನೀರಿನಲ್ಲಿ, ನನ್ನ ಸೌದೆ ಹೊರೆಯ ಸಮೇತ ನಿಂತು, ಅವಳ ಬೆನ್ನಿನ ಗಂಟಿಗೆ ಕೈ ಹಾಕಿದೆ. ನೆಂದ ಗಂಟು ಬಿಗಿದುಕೊಂಡಿತ್ತು. "ಅವ್ವಾ, ಬೇಗ ಬಿಚ್ಚು, ಎಲ್ಲಾರೂ ಆ ಕಡೆ ದಡಕ್ಕೆ ಸೇರ್ಕೊಂಡ್ರು" ಎಂದು ಅವಳು ಚಡಪಡಿಸಿದಳು. ಹಲ್ಲು ಹಾಕಿ ಗಂಟು ಬಿಡಿಸಿದೆ. ಬೆಂಡು ನನ್ನ ಕೈಯಲ್ಲಿ ಉಳಿಯಿತು. ಅವಳು ಹಿಂದಿರುಗಿಯೂ ನೋಡದೆ ಕೈ ಬೀಸುತ್ತ ಹೊರಟಳು. ಅರ್ಧಕ್ಕೆ ಹೋದಾಗ ನಾನು ಉಸಿರು ಬಿಡುವುದನ್ನೇ ಮರೆತಿದ್ದೆ. ಆ ದಡದ ಬೇರು ಹಿಡಿದು ಹತ್ತಿ, ಒದ್ದೆ ಕೂದಲನ್ನು ಕೊಡವಿಕೊಂಡು ಮಕ್ಕಳ ಗುಂಪು ಸೇರಿದಳು. ಅಷ್ಟು ಹೆಮ್ಮೆ, ಅಷ್ಟು ಸಂಕಟ ಒಟ್ಟೊಟ್ಟಿಗೆ ನನಗೆ ಯಾವತ್ತೂ ಆಗಿಲ್ಲ.

"ನಡಿ, ಮುದ್ದೆಗೆ ಎಸರಿಡಬೇಕು" ಎಂದರು ಅತ್ತೆ.

"ಇವಳು?"

"ಅವಳು ಆಟ ಆಡ್ಲಿ. ಅಸ್ಕೊಂಡಾಗ ಬತ್ತಾಳೆ."

ಮಗಳು ನೀರಿನಲ್ಲಿರುವಾಗ ನಾನು ನೀರಿಗೆ ಬೆನ್ನು ಹಾಕಿ ನಡೆದದ್ದು ಅವತ್ತೇ ಮೊದಲು. ಮನೆಗೆ ಬಂದು, ಸೀರೆ ಬದಲಿಸಿ, ಎಸರಿಗೆ ಹಿಟ್ಟು ಹಾಕಿ ಕೂತೆ. ಕೈ ಒಲೆಯ ಹತ್ತಿರ, ಜೀವವೆಲ್ಲ ಕಿವಿಯಲ್ಲಿ. ನಾಲೆಯ ಕಡೆಯಿಂದ ಗದ್ದಲ ಕೇಳುತ್ತಿತ್ತು. ನಡುವೆ ನನ್ನ ಮಗಳ ದನಿ, ಯಾರನ್ನೋ ಗದರುತ್ತಿತ್ತು, ಥೇಟ್ ನನ್ನ ಹಾಗೆ. ಅತ್ತೆ ಎದುರಿಗೆ ಕೂತು ಉಪ್ಪುಸಾರಿಗೆ ಖಾರ ಅರೆಯುತ್ತಿದ್ದರು.

ಇದ್ದಕ್ಕಿದ್ದ ಹಾಗೆ ಗದ್ದಲ ನಿಂತಿತು.

ನನ್ನ ಕೈಯಲ್ಲಿ ಮುದ್ದೆಕೋಲು ಅಲ್ಲೇ ನಿಂತಿತು. ಎದ್ದು ಓಡಬೇಕೆಂದು ತಲೆಯೆತ್ತಿದೆ. ಅತ್ತೆಯ ಕೈಯಲ್ಲಿ ಗುಂಡುಕಲ್ಲೂ ನಿಂತಿತ್ತು. ಕತ್ತು ನಾಲೆಯ ಕಡೆ ತಿರುಗಿತ್ತು. ಯಾವತ್ತೂ ಯಾವುದಕ್ಕೂ ಅಂಜದ ಆ ಮುಖದಲ್ಲಿ ರಕ್ತವೇ ಇರಲಿಲ್ಲ.

ಆಚೆ ದೊಡ್ಡದೊಂದು ನಗು ಸಿಡಿಯಿತು. ಆಮೇಲೆ ಮತ್ತೆ ಧುಡುಂ ಧುಡುಂ ಎಂದು ದುಮುಕುವ ಸದ್ದು, ಮತ್ತೆ ನನ್ನ ಮಗಳ ದನಿ.

"ಅತ್ತೆಮ್ಮ, ನಿಮಗೂವೆ..." ಎಂದು ಶುರು ಮಾಡಿದೆ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಖಾರದ ಮೇಲೆ ತಪ್ಪು ಹೊರಿಸಿದರು. "ಮುದ್ದೆ ಸೀದೋಯ್ತದೆ, ತಿರುವು" ಎಂದರು.