ಅಮಾವಾಸ್ಯೆಯ ಹೆಚ್ಚುವರಿ ಲಾರಿಗಳು

ಹೋದ ವಾರ ಹೊಸಪೇಟೆಯ ನನ್ನ ರಿಪೇರಿ ಅಂಗಡಿಗೆ ಯಾರೋ ಹಳೆಯ ಕ್ಯಾಮೆರಾ ತಂದರು. ಸ್ಕ್ರೂ ಬಿಚ್ಚಿದ ಕೂಡಲೇ ಒಳಗಿಂದ ಸಂಡೂರಿನ ಕೆಂಪು ಧೂಳು ಮೇಜಿನ ಮೇಲೆ ಉದುರಿತು. ಗಣಿ ಗೇಟಿನ ವಾಚ್‌ಮನ್ ಅಜ್ಜ ನೆನಪಾದ... ಕೆಲಸ ಅಲ್ಲಿಗೇ ನಿಂತಿತು.

ಆಗ ನಾನು ಗೇಟುಗಳಿಗೆ ಕ್ಯಾಮೆರಾ ಕೂರಿಸುವ ಕಂಪನಿಯೊಂದರಲ್ಲಿದ್ದೆ. ಕ್ಯಾಮೆರಾದ ಜೊತೆ ಅಂಗೈಯಗಲದ ಒಂದು ಡಬ್ಬಿ. ಬರುವ ಪ್ರತಿ ಲಾರಿಗೂ ಅದು ಒಂದು ನಂಬರು ಕೊಟ್ಟು, ನೆಲದ ಬಿಳಿ ಗೆರೆ ದಾಟುವವರೆಗೆ ಬೆನ್ನು ಹತ್ತಿ, ಆ ಕ್ಷಣವೇ ಎಣಿಸುತ್ತಿತ್ತು. ಪುಟ್ಟ ಡಬ್ಬಿಗೆ ಭಾರವಾಗಬಾರದೆಂದು ನಾನೇ ಅದು ನಾಲ್ಕು ಚಿತ್ರಗಳಲ್ಲಿ ಒಂದನ್ನು ಮಾತ್ರ ನೋಡುವಂತೆ ಮಾಡಿದ್ದೆ. ವಿಡಿಯೋ ಉಳಿಯುತ್ತಿರಲಿಲ್ಲ, ಎಣಿಕೆ ಮಾತ್ರ ಉಳಿಯುತ್ತಿತ್ತು. ಇಷ್ಟು ಅಗ್ಗದಲ್ಲಿ ಇಷ್ಟು ಚುರುಕು ಎಂದು ನನಗೆ ಭಾರೀ ಜಂಬ.

ಅಜ್ಜನ ಮೇಲೆ ಮೊದಲ ದಿನದಿಂದಲೇ ನನಗೆ ಅನುಮಾನ. ಡ್ರೈವರುಗಳು ಅವನಿಗೆ ಕರೆದು ಕರೆದು ಚಹಾ ಕುಡಿಸುತ್ತಿದ್ದರು. ಏಣಿ ಹತ್ತಿ ಟವೆಲಿನಿಂದ ಕ್ಯಾಮೆರಾದ ಗಾಜು ಒರೆಸುತ್ತಿದ್ದ. ಧೂಳು ತೆಗೆಯುತ್ತಾನೋ, ಕಣ್ಣು ಮುಚ್ಚುತ್ತಾನೋ ಎಂದು ನಾನು ದೂರದಿಂದ ಕಾಯುತ್ತಿದ್ದೆ. ಪ್ರತಿ ಅಮಾವಾಸ್ಯೆಗೂ ಅವನು ಗೇಟಿನ ಪುಸ್ತಕದಲ್ಲಿ ಬರೆದಿಟ್ಟದ್ದಕ್ಕಿಂತ ಡಬ್ಬಿಯಲ್ಲಿ ಹೆಚ್ಚು ಲಾರಿ. ಉಳಿದ ದಿನ ಎರಡೂ ಸರಿ. ಕದ್ದ ಅದಿರು ದಾಟಿಸಲು ದಿನ ಗೊತ್ತುಮಾಡಿಕೊಂಡಿದ್ದಾನೆ ಎಂದುಕೊಂಡೆ. ಹಾಗಂತಲೇ ರಿಪೋರ್ಟು ಬರೆದೆ.

ಮ್ಯಾನೇಜರು ಅವನನ್ನು ಕರೆಸಿದಾಗ ನಾನೂ ಅಲ್ಲಿದ್ದೆ. ಅಜ್ಜ ದನಿ ಏರಿಸಲಿಲ್ಲ. ನನ್ನ ಕಡೆ ತಿರುಗಿದ.

"ಡಬ್ಬಿ ನೋಡೈತಿ ಅಂತೀರಿ. ನೀವು ಒಂದ್ ಅಮಾಸಿಗಾದ್ರೂ ಬಂದು ನಿಂತು ನೋಡೀರೇನ್ರಿ?"

ಮಿಷಿನ್ನು ಸುಳ್ಳು ಹೇಳುವುದಿಲ್ಲ ಎಂದುಬಿಟ್ಟೆ. ಅವತ್ತೇ ಅವನನ್ನು ತೆಗೆದರು. ಕಳ್ಳನೆಂಬ ಮಾತು ಮರಿಯಮ್ಮನಹಳ್ಳಿಯ ಅವನ ಓಣಿಯವರೆಗೂ ಹೋಯಿತು.

ಮುಂದಿನ ಅಮಾವಾಸ್ಯೆ, ಹೊಸ ವಾಚ್‌ಮನ್ ಇದ್ದಾಗಲೂ, ಅದೇ ವ್ಯತ್ಯಾಸ ಬಂತು. ಅದರಾಚೆಯ ಅಮಾವಾಸ್ಯೆಗೆ ನಾನೇ ಹೋಗಿ ನಿಂತೆ. ಡ್ರೈವರುಗಳು ಗೇಟಿನಲ್ಲಿ ಲಾರಿ ನಿಲ್ಲಿಸಿ, ಲೋಬಾನದ ಹೊಗೆ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ಒಮ್ಮೆ ಮುಂದೆ ಒಮ್ಮೆ ಹಿಂದೆ ಉರುಳಿಸಿ ಆಮೇಲೆ ಹೊರಡುತ್ತಿದ್ದರು. ನಾಲ್ಕರಲ್ಲಿ ಒಂದೇ ಚಿತ್ರ ನೋಡುವ ಡಬ್ಬಿಗೆ ಆ ಹೊಗೆಯಲ್ಲಿ ಲಾರಿಯ ಗುರುತು ತಪ್ಪುತ್ತಿತ್ತು. ಗೆರೆ ದಾಟಿ ಹಿಂದೆ ಸರಿದ ಲಾರಿ ಮತ್ತೆ ದಾಟಿದರೆ ಅದಕ್ಕೆ ಹೊಸ ನಂಬರು; ಒಂದೇ ಲಾರಿ ಎರಡಾಗುತ್ತಿತ್ತು. ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಅಮಾವಾಸ್ಯೆಯ ಪೂಜೆ ಹೊಳೆದಿರಲೇ ಇಲ್ಲ.

ಡಬ್ಬಿಯನ್ನು ಸದ್ದಿಲ್ಲದೆ ಸರಿಮಾಡಿದೆ. ರಿಪೋರ್ಟನ್ನು ಸರಿಮಾಡಲಿಲ್ಲ, ನನ್ನ ಕೆಲಸ ಹೋದೀತೆಂಬ ಭಯ. ಕಂಪನಿ ಬಿಟ್ಟ ಮೇಲೆ ಧೈರ್ಯ ಮಾಡಿ ಅವನ ಮನೆಗೆ ಹೋದೆ... ಅಜ್ಜ ತೀರಿಕೊಂಡು ತಿಂಗಳಾಗಿತ್ತು. ಗೇಟಿನಲ್ಲಿ ಕೆಲಸ ಮಾಡುತ್ತಿದ್ದವನು ಎಂದಷ್ಟೇ ಹೇಳಿಕೊಂಡೆ. ಅವನ ಹೆಂಡತಿ ಕುಂದ್ರಿಸಿ ಚಹಾ ಕೊಟ್ಟು, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದಳು.

"ನಿಜ ಹೇಳಪ, ಅವ್ರು ಕದ್ದಿದ್ರೇನು?"

"ಇಲ್ಲ ಅಜ್ಜಿ" ಅಂದೆ. ಕಳ್ಳನೆಂದು ಬರೆದವನು ನಾನೇ ಎಂಬುದು ಬಾಯಿಗೆ ಬರಲಿಲ್ಲ.

ಈಗ ಅಂಗಡಿಯಲ್ಲಿ ಕೂತು ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಕೆಲಸ ಹೋದ ಮೇಲೆ ಅವನು ಬದುಕಿದ್ದಷ್ಟು ದಿನವೂ ಆ ಮನೆಯಲ್ಲಿ ಅವಳು ಅವನನ್ನು ಅನುಮಾನದಿಂದಲೇ ನೋಡಿದ್ದಳು. ಆ ಅನುಮಾನ ನನ್ನದಾಗಿತ್ತು.