ದೊಡ್ಡ ಅಪಾಯಿಂಟ್‌ಮೆಂಟು

ಮೊನ್ನೆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಮಧ್ಯಾಹ್ನದ ಡಬ್ಬಿ ಬಿಚ್ಚುವ ಹೊತ್ತಿಗೆ, ಹೊಸದಾಗಿ ಸೇರಿರುವ ಕಾಮರ್ಸ್ ಮೇಷ್ಟ್ರು ತಮ್ಮ ಫೋನನ್ನು ನನ್ನ ಮುಂದೆ ಹಿಡಿದರು. ಅವರ ಹೆಂಡತಿಗೆ ಬಹಳ ದಿನದಿಂದ ತಲೆನೋವು. ಊರಿನ ಕ್ಲಿನಿಕ್ಕೊಂದರಲ್ಲಿ ಹೆಸರು ಬರೆಸಲು ಹೋದರೆ ಫೋನು ಎರಡು ಬಗೆ ತೋರಿಸುತ್ತಿದೆ: ಚಿಕ್ಕ ಭೇಟಿಯೋ, ದೊಡ್ಡ ಭೇಟಿಯೋ? ದೊಡ್ಡದಕ್ಕೆ ಫೀಸು ಹೆಚ್ಚು.

“ಬರೀ ಮಾತಾಡಕ್ಕೆ ಇಷ್ಟು ದುಡ್ಡಾ ಮೇಡಂ? ಇಂಜೆಕ್ಷನ್ನೂ ಇಲ್ಲ, ಮಾತ್ರೇನೂ ಇಲ್ಲ” ಎಂದರು.

ನಾನು ಇತಿಹಾಸ ಪಾಠ ಮಾಡುವವಳು. ಒಂದು ಸಾಮ್ರಾಜ್ಯ ಹುಟ್ಟಿ, ಮೆರೆದು, ಮುಳುಗುವುದನ್ನು ಗಂಟೆ ಹೊಡೆಯುವುದರೊಳಗೆ ಮುಗಿಸಿ ಅಭ್ಯಾಸವಾಗಿಹೋಗಿದೆ. ಆದರೆ ಈ ಪ್ರಶ್ನೆಗೆ ಊಟದ ಬಿಡುವು ಸಾಲದು ಅನ್ನಿಸಿತು. “ಎಷ್ಟು ಹೊತ್ತು ಬೇಕು ಅಂತ ಅವರನ್ನೇ ಕೇಳಿ ನೋಡಿ” ಎಂದಷ್ಟೇ ಹೇಳಿ ಚಪಾತಿಯ ಕಡೆ ತಿರುಗಿದೆ. ಅವರಿಗೆ ಹೇಳದೆ ಬಿಟ್ಟದ್ದನ್ನು ನಿಮಗೆ ಹೇಳುತ್ತೇನೆ. ನಿಮಗೇನೂ ಮುಂದಿನ ಕ್ಲಾಸಿಗೆ ಓಡಬೇಕಾಗಿಲ್ಲವಲ್ಲ.

ನನ್ನ ತಾಯಿಗೆ ಒಬ್ಬಳೇ ತಂಗಿ. ಇಬ್ಬರೂ ಹುಟ್ಟಿದ್ದು ಚಿಂತಾಮಣಿಯ ಆಚೆ, ಆಂಧ್ರದ ಗಡಿಗೆ ಹತ್ತಿರದ ಒಂದು ಹಳ್ಳಿಯಲ್ಲಿ. ಅಮ್ಮನನ್ನು ಗೌರಿಬಿದನೂರಿಗೆ ಕೊಟ್ಟರು, ಚಿಕ್ಕಮ್ಮನನ್ನು ಶಿಡ್ಲಘಟ್ಟಕ್ಕೆ. ನೌಕರಿಯ ನೆಪದಲ್ಲಿ ನಾನು ಇಬ್ಬರ ನಡುವೆ ಚಿಕ್ಕಬಳ್ಳಾಪುರದಲ್ಲಿ ಬಂದು ಕೂತೆ. ಅಕ್ಕ ತಂಗಿಯರು ಊರಿನವರೆದುರು ಕನ್ನಡ ಮಾತಾಡಿದರೂ ಅಡುಗೆಮನೆಯ ಹೊಸ್ತಿಲು ದಾಟಿದ ಕೂಡಲೇ ತೆಲುಗಿಗೆ ಇಳಿಯುತ್ತಿದ್ದರು. ನಿಜವಾದ ವಿಷಯಗಳೆಲ್ಲ ಆ ತೆಲುಗಿನಲ್ಲೇ ನಡೆಯುತ್ತಿದ್ದವು. ಚಿಕ್ಕಮ್ಮನ ನಗು ಮಾತ್ರ ಯಾವ ಭಾಷೆಗೂ ಸೇರಿದ್ದಲ್ಲ. ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿ, ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ಅವಳು ನಗಲು ಶುರುಮಾಡಿದರೆ ಪಕ್ಕದ ಮನೆಯವರು ಏನು ವಿಷಯವೆಂದು ಕೇಳದೆ ತಾವೂ ನಗುತ್ತಿದ್ದರು.

ಆ ನಗು ಯಾವಾಗ ನಿಂತಿತು ಎಂದು ನಮಗಾರಿಗೂ ಗೊತ್ತಾಗಲಿಲ್ಲ. ನಮ್ಮ ಗಮನಕ್ಕೆ ಬಂದದ್ದು ಗೌರಿಬಿದನೂರಿನಲ್ಲಿ ನನ್ನ ತಮ್ಮನ ಮನೆಯ ಗೃಹಪ್ರವೇಶದ ದಿನ. ಚಿಕ್ಕಮ್ಮ ತಡವಾಗಿ ಬಂದಳು. ಬಂದವಳು ಒಳಗೆ ಬಾರದೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಳು. ಅಮ್ಮ ಕೊಟ್ಟ ಕಾಫಿ ಕುಡಿಯಲಿಲ್ಲ, ಮಜ್ಜಿಗೆ ಬೇಡವೆಂದಳು, ಎಲೆ ಹಾಕುವ ಮೊದಲೇ ಬಸ್ಸಿಗೆ ಹೊತ್ತಾಯಿತೆಂದು ಎದ್ದುಹೋದಳು. ತಂಗಿಗೆಂದು ಅಮ್ಮ ಆಸೆಪಟ್ಟು ತಂದ ಗಂಧದ ಬಣ್ಣದ ಸೀರೆಯನ್ನು ಆಮೇಲೆ ಒಂದು ದಿನವೂ ಉಡಲಿಲ್ಲ.

“ನಾನು ಕೊಟ್ಟ ಲೋಟ ಮುಟ್ಲಿಲ್ಲ ಕಣೇ ಅವಳು” ಎಂದು ಅಮ್ಮ ನನ್ನ ಹತ್ತಿರ ಹೇಳಿಕೊಂಡಳು. “ನನ್ನ ಮಗ ಮನೆ ಕಟ್ಟಿದ್ದು ಅವಳಿಗೆ ಆಗ್ಲಿಲ್ಲ. ಇನ್ನೇನು?”

ಅಲ್ಲಿಂದ ಮುಂದೆ ಚಿಕ್ಕಮ್ಮ ಯಾರ ಮದುವೆಗೂ ಬರಲಿಲ್ಲ, ನಾಮಕರಣಕ್ಕೂ ಬರಲಿಲ್ಲ. ಅಮ್ಮ ಫೋನು ಮಾಡುವುದು ಬಿಟ್ಟಳು. ಇಬ್ಬರ ಸುದ್ದಿಯೂ ನನ್ನ ಮೂಲಕ ಓಡಾಡತೊಡಗಿತು. ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳಿಗೆ ದಾಟಿಸುವಾಗ ನಾನು ಖಾರ ಕಡಿಮೆ ಮಾಡಿ ಕೊಡುತ್ತಿದ್ದೆ. ಅದು ಇಬ್ಬರಿಗೂ ಗೊತ್ತಿದ್ದದ್ದರಿಂದ ನನ್ನ ಮಾತನ್ನು ಯಾರೂ ನಂಬುತ್ತಿರಲಿಲ್ಲ.

ಹೀಗಿರುವಾಗ ಚಿಕ್ಕಮ್ಮನಿಗೆ ಮಂಡಿ ನೋವು ಹೆಚ್ಚಾಯಿತು. ಚಿಕ್ಕಬಳ್ಳಾಪುರದಲ್ಲಿ ಒಬ್ಬ ಒಳ್ಳೆಯ ಲೇಡಿ ಡಾಕ್ಟರು ಬಂದಿದ್ದಾರೆ, ತೋರಿಸೋಣ ಬಾ ಎಂದೆ. ಅವಳಿಗೆ ಮನಸ್ಸಿರಲಿಲ್ಲ. ಚಿಕ್ಕಮ್ಮನ ಪಾಲಿಗೆ ಡಾಕ್ಟರೆಂದರೆ ಶಿಡ್ಲಘಟ್ಟದ ಹಳೆಯ ಡಾಕ್ಟರೇ. ಅವರು ತೀರಿಕೊಂಡು ಎಷ್ಟೋ ಕಾಲವಾಗಿತ್ತು, ಆದರೂ ಅವಳು ಇನ್ನೊಬ್ಬರನ್ನು ಹುಡುಕಿಕೊಂಡಿರಲಿಲ್ಲ.

ಚಿಕ್ಕಂದಿನಲ್ಲಿ ಬೇಸಿಗೆ ರಜೆಗೆ ಚಿಕ್ಕಮ್ಮನ ಮನೆಗೆ ಹೋದಾಗ ನಾನೂ ಅವರ ಷಾಪಿಗೆ ಹೋದದ್ದುಂಟು; ಕ್ಲಿನಿಕ್ಕಿಗೆ ಆಗ ಷಾಪೆಂದೇ ಅನ್ನುತ್ತಿದ್ದರು. ಅವರು ಕೊಡುತ್ತಿದ್ದ ಕೆಂಪು ಔಷಧದ ಕಹಿ ಈಗಲೂ ನಾಲಿಗೆಯ ಬುಡದಲ್ಲಿದೆ. ಮಾರ್ಕೆಟ್ಟಿನಲ್ಲಿ ರೇಷ್ಮೆಗೂಡು ಮಾರಿ ಮುಗಿಸಿದವರು ಸೀದಾ ಅಲ್ಲಿಗೆ ಬಂದು ಬೆಂಚಿನ ಮೇಲೆ ಸಾಲಾಗಿ ಕೂರುತ್ತಿದ್ದರು. ಬೆಂಚು ಡಾಕ್ಟರ ಮೇಜಿಗೆ ತಾಗಿಕೊಂಡೇ ಇತ್ತು. ಒಬ್ಬರ ಭೇದಿ, ಇನ್ನೊಬ್ಬರ ಕೆಮ್ಮು ಎಲ್ಲರ ಕಿವಿಗೂ ಬೀಳುತ್ತಿತ್ತು. ಡಾಕ್ಟರು ನಾಡಿ ಹಿಡಿದು ಯೋಚಿಸುವಾಗ ಬೆಂಚಿನವರೂ ತಮ್ಮ ಅಭಿಪ್ರಾಯ ಕೊಡುತ್ತಿದ್ದರು. ಫೀಸು ಇಷ್ಟೆಂದು ಅವರು ಬಾಯಿಬಿಟ್ಟು ಹೇಳಿದ್ದಿಲ್ಲ. ಜನ ತಮಗೆ ತೋಚಿದ್ದನ್ನು ಮೇಜಿನ ಮೇಲಿಟ್ಟರೆ ಅವರು ನೋಡದೆ ಡ್ರಾಯರಿಗೆ ತಳ್ಳುತ್ತಿದ್ದರು. ದೇವರಂಥ ಮನುಷ್ಯ ಎನ್ನುತ್ತಿದ್ದರು ಎಲ್ಲರೂ, ಆ ಮಾತು ಸುಳ್ಳಲ್ಲ. ಆದರೆ ಆ ಕೋಣೆಯಲ್ಲಿ ಹೆಂಗಸೊಬ್ಬಳು ಯಾವ ಕಾಯಿಲೆಯನ್ನು ಹೇಳಬಹುದಿತ್ತು, ಯಾವುದನ್ನು ಹೇಳುವಂತಿರಲಿಲ್ಲ ಎಂದು ನಾನು ಯೋಚಿಸಿದ್ದು ಬಹಳ ತಡವಾಗಿ.

ಅಂತೂ ಚಿಕ್ಕಮ್ಮ ಬಂದಳು. ಕೌಂಟರಿನ ಹುಡುಗಿ ನಮಗೂ ಅದೇ ಪ್ರಶ್ನೆ ಕೇಳಿದಳು: ಚಿಕ್ಕದೋ, ದೊಡ್ಡದೋ?

“ಚಿಕ್ಕದು ಅಂದ್ರೆ ಒಂದೇ ತೊಂದರೆ ಇರೋರಿಗೆ, ಇಲ್ಲ ಹಳೇ ಮಾತ್ರೆ ಮುಂದುವರ್ಸೋರಿಗೆ ಅಮ್ಮ. ತೊಂದರೆ ಹೊಸದಾಗಿದ್ರೆ, ಇಲ್ಲ ಮೂರ್ನಾಲ್ಕು ಒಟ್ಟಿಗೆ ಇದ್ರೆ ದೊಡ್ಡದು ತಗೊಳ್ಳಿ. ವಾರದೊಳಗೆ ರಿಪೋರ್ಟ್ ತೋರ್ಸಕ್ಕೆ ಬಂದ್ರೆ ಮತ್ತೆ ಫೀಸಿಲ್ಲ. ಟೆಸ್ಟು ಬರೆದ್ರೆ ಮಾತ್ರ ಅದು ಬೇರೆ. ಎಷ್ಟಾಗುತ್ತೆ ಅಂತ ಮೊದ್ಲೇ ಕೇಳ್ಕೊಳ್ಳಿ.”

ಚಿಕ್ಕಮ್ಮ ಗೂಡಿನ ವ್ಯಾಪಾರ ನೋಡಿ ಬೆಳೆದವಳು. “ದೊಡ್ಡದು ಅರ್ಧಕ್ಕೇ ಮುಗಿದ್ರೆ ಅರ್ಧ ದುಡ್ಡು ವಾಪಸ್ ಕೊಡ್ತೀಯೇನಮ್ಮ?” ಎಂದಳು.

“ಕೊಡಲ್ಲಮ್ಮ.”

“ಹಂಗಾದ್ರೆ ಚಿಕ್ಕದೇ ಬರ್ಕೋ. ಇರೋದು ಎರಡು ಮಂಡಿ.”

ಡಾಕ್ಟರು ಮಂಡಿಕಲ್ ಕಡೆಯವರಂತೆ. ನನಗಿಂತ ಬಹಳ ಚಿಕ್ಕವರು. ಮಂಡಿ ಮಡಿಸಿ, ಬಿಡಿಸಿ, ಒತ್ತಿ ನೋಡಿದರು. ಮೂಳೆ ಸವೆದಿದೆ, ತೂಕ ಇಳಿಸಬೇಕು, ಈ ಮಾತ್ರೆ ಊಟವಾದ ಮೇಲೆ ತಗೊಳ್ಳಿ ಎಂದರು. ಎಲ್ಲವೂ ಕೊಟ್ಟ ಹೊತ್ತಿನೊಳಗೆ ಮುಗಿಯಿತು. ನಾನು ಚೀಟಿ ಮಡಿಸಿಕೊಂಡು ಎದ್ದೆ. ಚಿಕ್ಕಮ್ಮನೂ ಎದ್ದು ಬಾಗಿಲವರೆಗೆ ಹೋದಳು. ಹಿಡಿಯ ಮೇಲೆ ಕೈಯಿಟ್ಟು ಹಿಂದೆ ತಿರುಗಿದಳು.

“ಇನ್ನೊಂದು...”

“ಹೇಳಿ ಅಮ್ಮ” ಎಂದರು ಡಾಕ್ಟರು.

ಚಿಕ್ಕಮ್ಮ ನನ್ನ ಮುಖ ನೋಡಿದಳು. ಹೊರಗೆ ಯಾರೋ ಕೆಮ್ಮಿದರು. “ಬೇಡ ಬಿಡಿ, ಅಂಥದ್ದೇನಿಲ್ಲ” ಎಂದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. ಆಮೇಲೆ, “ಮುಂದಿನ ಸಲ ದೊಡ್ಡ ಅಪಾಯಿಂಟ್‌ಮೆಂಟ್ ತಗೊಂಡು ಬನ್ನಿ. ಒಳಗೆ ನೀವೊಬ್ರೇ ಬನ್ನಿ” ಎಂದರು. ನನ್ನ ಕಡೆ ನೋಡಿ, “ಬೇಜಾರು ಮಾಡ್ಕೋಬೇಡಿ ಮೇಡಂ” ಎಂದು ಸೇರಿಸಿದರು.

ಬಸ್ ಸ್ಟ್ಯಾಂಡಿನವರೆಗೂ ಚಿಕ್ಕಮ್ಮ ಬೈದುಕೊಂಡೇ ನಡೆದಳು. “ನೋಡ್ದಾ? ಮಾತಾಡಕ್ಕೂ ರೇಟು. ಹಳೇ ಡಾಕ್ಟ್ರು ಹಿಂಗೆ ಕೇಳಿದ್ರೆ ಊರಲ್ಲಿ ಇರಕ್ಕೆ ಬಿಡ್ತಿದ್ರಾ?” ನನಗೂ ಇದು ಫೀಸು ಹೆಚ್ಚಿಸುವ ಉಪಾಯವೆಂದೇ ಅನ್ನಿಸಿತು. ಇಬ್ಬರೂ ಒಪ್ಪಿಕೊಂಡು ಆ ಡಾಕ್ಟರನ್ನು ಮನಸಾರೆ ಟೀಕಿಸಿದೆವು. ಬಹಳ ದಿನಗಳ ಮೇಲೆ ನಾವು ಒಂದೇ ಅಭಿಪ್ರಾಯಕ್ಕೆ ಬಂದಿದ್ದೆವು.

ಅದಾಗಿ ಕೆಲವು ದಿನಕ್ಕೆ ಚಿಕ್ಕಮ್ಮ ತಾನಾಗಿ ಫೋನು ಮಾಡಿದಳು. ಮಂಡಿಯ ವಿಷಯ ಎತ್ತಲಿಲ್ಲ.

“ಆ ದೊಡ್ಡದು ಹಾಕ್ಸು” ಎಂದಳು. “ಯಾರಿಗೂ ಹೇಳ್ಬೇಡ. ನಿಮ್ಮಮ್ಮನಿಗಂತೂ ಹೇಳ್ಲೇಬೇಡ.”

ಕ್ಲಿನಿಕ್ಕಿಗೆ ಬಂದವಳ ಕೈಯಲ್ಲಿ ಒಂದು ದಪ್ಪ ಬಟ್ಟೆಚೀಲವಿತ್ತು. ನಾನು ಹಿಡಿದುಕೊಳ್ಳಲು ಹೋದರೆ ಕೊಡಲಿಲ್ಲ. ಒಳಗೆ ಹೋದಳು, ಬಾಗಿಲು ಮುಚ್ಚಿತು. ನಾನು ಹೊರಗೆ ಕೂತು ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದೆ, ಆದರೆ ಒಂದಕ್ಕೂ ಅಂಕ ಹಾಕಲಿಲ್ಲ. ಗಡ್ಡೆಯಿರಬಹುದೇ? ರಕ್ತ ಹೋಗುತ್ತಿರಬಹುದೇ? ಹೊತ್ತು ಹೋದಷ್ಟೂ ನನ್ನ ತಲೆಯಲ್ಲಿ ಕಾಯಿಲೆ ದೊಡ್ಡದಾಗುತ್ತ ಹೋಯಿತು.

ಹೊರಬಂದಾಗ ಅವಳ ಕಣ್ಣು ಕೆಂಪಾಗಿತ್ತು. ಮೊದಲು ಕೇಳಿದ್ದು ನೀರು. ನನ್ನ ಬಾಟಲಿಯನ್ನು ಎತ್ತಿ ಗಟಗಟನೆ ಅರ್ಧ ಕುಡಿದಳು. ಅವಳು ನಮ್ಮೆದುರು ಹಾಗೆ ನೀರು ಕುಡಿದದ್ದನ್ನು ನೋಡಿ ಎಷ್ಟು ಕಾಲವಾಗಿತ್ತು ಎಂದು ನನಗೆ ಆಗ ಹೊಳೆಯಿತು.

ಗೇಟಿನ ಪಕ್ಕದ ಹೊಂಗೆ ಮರದಡಿಯಲ್ಲಿ ನಿಂತು ಹೇಳಿದಳು. “ಕೆಮ್ಮಿದ್ರೆ ಬಟ್ಟೇಲೇ ಒಂದಕ್ಕೆ ಹೋಗ್ಬಿಡುತ್ತೆ ಕಣಮ್ಮ. ನಕ್ಕರೆ ಹೋಗುತ್ತೆ. ಬಸ್ಸು ಹಳ್ಳಕ್ಕೆ ಇಳಿದ್ರೆ ಹೋಗುತ್ತೆ. ತಡೆಯಕ್ಕೇ ಆಗಲ್ಲ. ಎಷ್ಟು ವರ್ಷ ಆಯ್ತೋ. ಎಲ್ಲಿಗಾದ್ರೂ ಹೋಗ್ಬೇಕು ಅಂದ್ರೆ ಹಿಂದಿನ ದಿನದಿಂದ್ಲೇ ನೀರು ಬಿಡ್ತೀನಿ. ಗೃಹಪ್ರವೇಶಕ್ಕೆ ಬರೋವಾಗ ಬಸ್ಸಲ್ಲೇ ಆಗೋಯ್ತು. ಸೀರೆ ಒದ್ದೆ. ಎಲ್ರೂ ಕೂತಿರೋ ಕಡೆ ಹೆಂಗೆ ಬರ್ಲಿ? ವಾಸನೆ ಬಂದ್ರೆ?”

ಬಟ್ಟೆಚೀಲದಲ್ಲಿದ್ದದ್ದು ಇನ್ನೊಂದು ಸೀರೆ, ಲಂಗ, ಟವೆಲು. ಅಮ್ಮ ಕೊಟ್ಟ ಸೀರೆಯನ್ನು ಅವಳು ಉಡದಿದ್ದದ್ದು ತಿಳಿಬಣ್ಣದಲ್ಲಿ ಒದ್ದೆ ಎದ್ದು ಕಾಣುತ್ತದೆಂದು.

“ಡಾಕ್ಟ್ರು ಏನಂದ್ರು?”

“ಹೆರಿಗೆಯಾದೋರಲ್ಲಿ ಎಷ್ಟೋ ಜನಕ್ಕೆ ಹಿಂಗೇ ಅಂತೆ. ನಾನೊಬ್ಳೇ ಅಲ್ವಂತೆ.” ಇದನ್ನು ಅವಳು ಎರಡು ಸಲ ಹೇಳಿದಳು. “ಪರೀಕ್ಷೆ ಮಾಡಿದ್ರು. ಒಳಗಿನ ನರ ಬಿಗಿಯಾಗಕ್ಕೆ ವ್ಯಾಯಾಮ ಹೇಳ್ಕೊಟ್ಟವ್ರೆ, ಕೂತಲ್ಲೇ ಮಾಡ್ಬೋದು. ನೀರು ಬಿಡ್ಬಾರ್ದಂತೆ. ಅದ್ರಲ್ಲೂ ಸರಿಹೋಗ್ದಿದ್ರೆ ಆಪರೇಷನ್ನು ಇದೆ, ಆಮೇಲೆ ನೋಡಣ ಅಂದ್ರು.” ಚೀಲವನ್ನು ಇನ್ನೊಂದು ಕೈಗೆ ಬದಲಿಸಿ ಸೇರಿಸಿದಳು: “ಹೇಳಕ್ಕೆ ನಂಗೆ ಬಾಯೇ ಬರ್ಲಿಲ್ಲ ಕಣೇ. ಮಗಳ ಸೀಮಂತ, ಎಮ್ಮೆ, ಸೊಪ್ಪಿನ ರೇಟು, ಏನೇನೋ ಮಾತಾಡ್ದೆ. ಆಯಮ್ಮ ಗಡಿಯಾರ ನೋಡ್ಲೇ ಇಲ್ಲ. ಫೀಸು ಯಾಕೆ ಜಾಸ್ತಿ ಅಂತಾನೂ ಕೇಳ್ದೆ. ‘ಇಷ್ಟು ಹೊತ್ತು ಬೇರೆ ಯಾರನ್ನೂ ಒಳಗೆ ಬಿಡಲ್ಲ, ಅದಕ್ಕೇ ಅಮ್ಮ’ ಅಂದ್ರು. ಅದಾದ್ಮೇಲೆ ಹೇಳ್ದೆ.”

ವ್ಯಾಯಾಮ ಮಂತ್ರದ ಹಾಗೇನೂ ಕೆಲಸ ಮಾಡಲಿಲ್ಲ. ಮೊದಮೊದಲು ಅವಳು ತಪ್ಪಾಗಿ ಮಾಡುತ್ತಿದ್ದಳು, ಮತ್ತೆ ಹೋಗಿ ಕೇಳಿ ಬಂದಳು. ಈ ಸಲ ಚಿಕ್ಕ ಭೇಟಿಯೇ ಸಾಕಾಯಿತು. ತಿಂಗಳುಗಳು ಕಳೆದ ಮೇಲೆ ಪೂರ್ತಿ ಅಲ್ಲದಿದ್ದರೂ ಬಹಳಮಟ್ಟಿಗೆ ಹತೋಟಿಗೆ ಬಂತು. ಒಂದು ಭಾನುವಾರ ಬೆಳಗ್ಗೆ ನಮ್ಮ ಮನೆಗೆ ಬಂದು, “ಗೌರಿಬಿದನೂರಿಗೆ ಹೋಗಣ ನಡಿ” ಎಂದಳು. ಗಂಧದ ಬಣ್ಣದ ಸೀರೆ ಉಟ್ಟಿದ್ದಳು.

ಅಮ್ಮ ಬಾಗಿಲು ತೆಗೆದವಳು ಸೀರೆಯನ್ನು ನೋಡಿದಳು, ತಂಗಿಯನ್ನು ನೋಡಿದಳು, “ದಾರಿ ತಪ್ಪಿ ಬಂದ್ಯೇನೋ” ಎಂದು ಒಳಗೆ ಹೋದಳು. ಚಿಕ್ಕಮ್ಮ ಅವಳ ಹಿಂದೆಯೇ ಅಡುಗೆಮನೆಗೆ ಹೋದಳು. ನಾನು ಹಜಾರದಲ್ಲಿ ಕೂತು ಪೇಪರು ಬಿಡಿಸಿಕೊಂಡೆ. ಓದಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಒಳಗೆ ಪಾತ್ರೆಗಳ ಸದ್ದು ಜೋರಾಗಿತ್ತು. ಆಮೇಲೆ ಸದ್ದು ನಿಂತು ಚಿಕ್ಕಮ್ಮನ ಸಣ್ಣ ದನಿಯ ತೆಲುಗು ಬಹಳ ಹೊತ್ತು ಕೇಳಿಸಿತು. ಅಮ್ಮ ಕೊನೆಗೆ, “ನಾತೋ ಎಂದುಕು ಚೆಪ್ಪಲೇದು?” ಎಂದಳು. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತಿದ್ದಳು. ನೀನು ನಗುತ್ತೀಯೆಂದು ಹೇಳಲಿಲ್ಲ ಎಂದಳು ಚಿಕ್ಕಮ್ಮ.

ಅಮ್ಮ ಬಿಕ್ಕುತ್ತಿದ್ದಾಳೆ ಎಂದುಕೊಂಡೆ.

“ನಾಕೂ ಉಂದೇ” ಎಂದಳು ಅಮ್ಮ. ನನಗೂ ಇದೆ ಕಣೇ.

ಪೇಪರು ನನ್ನ ಮಡಿಲಿನಿಂದ ಜಾರಿತು. ಅಮ್ಮ ಯಾವ ಊರಿಗೆ ಕರೆದರೂ ಬಿಪಿಯ ನೆಪ ಹೇಳುತ್ತಿದ್ದಳು. ಹತ್ತಿರದಲ್ಲೇ ಇರುವ ವಿದುರಾಶ್ವತ್ಥದ ದೇವಸ್ಥಾನಕ್ಕೂ ಹೋಗುತ್ತಿರಲಿಲ್ಲ, ಬಿಸಿಲು ಎನ್ನುತ್ತಿದ್ದಳು. ಒಬ್ಬಳು ಶಿಡ್ಲಘಟ್ಟದಲ್ಲಿ, ಇನ್ನೊಬ್ಬಳು ಗೌರಿಬಿದನೂರಿನಲ್ಲಿ, ಒಂದೇ ತೊಂದರೆಯನ್ನು ಇಟ್ಟುಕೊಂಡು ಒಬ್ಬರ ಮೇಲೊಬ್ಬರು ಮುನಿಸಿಕೊಂಡು ಕೂತಿದ್ದರು. ಒಳಗೆ ಮೊದಲು ನಕ್ಕವರು ಯಾರೋ ತಿಳಿಯಲಿಲ್ಲ. “ಅಕ್ಕಾ, ನಗಿಸ್ಬೇಡ, ನಗಿಸ್ಬೇಡ” ಎನ್ನುತ್ತ ಚಿಕ್ಕಮ್ಮ ನನ್ನ ಮುಂದೆಯೇ ಬಚ್ಚಲಿಗೆ ಓಡಿದಳು. ಓಡುತ್ತಲೂ ನಗುತ್ತಿದ್ದಳು.

ಕಳೆದ ಶನಿವಾರ ಅಮ್ಮನ ಸರದಿ. ಕೇಳದೆಯೇ ದೊಡ್ಡ ಅಪಾಯಿಂಟ್‌ಮೆಂಟು ಬರೆಸಿದ್ದೆ. ದಾರಿ ತೋರಿಸುವ ಹುಮ್ಮಸ್ಸಿನಲ್ಲಿ ಚಿಕ್ಕಮ್ಮನೂ ಬಂದಿದ್ದಳು. ಅಮ್ಮನಿಗೆ ತಂಗಿ ಜೊತೆಗಿರಬೇಕು, ಮಗಳು ಬೇಡ. ಇಬ್ಬರೂ ಒಳಗೆ ಹೋದರು. ನಾನು ಹೊರಗೆ ಅವರ ಚಪ್ಪಲಿ ಕಾಯುತ್ತ ಕೂತೆ.

ಹೊರಬಂದ ಅಮ್ಮನ ಮುಖ ಹಗುರವಾಗಿತ್ತು. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ನಿಂದೇನಾದ್ರೂ ಇದ್ಯೇನೇ?” ಎಂದಳು.

“ನಂಗೇನಮ್ಮ, ಚೆನ್ನಾಗಿದೀನಿ” ಎಂದೆ.

ಉತ್ತರ ಅಷ್ಟು ಬೇಗ ಬಂದದ್ದು ನನಗೇ ವಿಚಿತ್ರವೆನಿಸಿತು; ಅವತ್ತು ಚಿಕ್ಕಮ್ಮ ಅಂಥದ್ದೇನಿಲ್ಲ ಅಂದದ್ದೂ ಹೀಗೇ. ಅಮ್ಮ ತಂಗಿಯ ತೋಳು ಹಿಡಿದುಕೊಂಡು ಮೆಟ್ಟಿಲಿಳಿಯತೊಡಗಿದಳು. ನಾನು ಕೌಂಟರಿನ ಹತ್ತಿರ ಹೋಗಿ ಮುಂದಿನ ಶನಿವಾರ ಜಾಗವಿದೆಯೇ ಎಂದು ಕೇಳಿದೆ.

“ಯಾರಿಗೆ ಮೇಡಂ? ನಿಮ್ಮಮ್ಮನಿಗಾ, ಚಿಕ್ಕಮ್ಮನಿಗಾ?”

“ನನಗೇ” ಎಂದೆ. “ದೊಡ್ಡದೇ ಹಾಕಮ್ಮ.”