ಓಬವ್ವ ಕೇಳಿದ ಮಣೆ

ಹರಿಹರದ ಓಬವ್ವ ಗಂಡನಲ್ಲಿ ಕೇಳಿದ್ದು ಒಂದೇ ಒಂದು ಮಣೆ. ಬರೀ ನೆಲದ ಮೇಲೆ ಕೂತು ರೊಟ್ಟಿ ತಟ್ಟಿ ತಟ್ಟಿ ಅವಳ ಮಂಡಿ ಹಿಡಿದುಹೋಗಿತ್ತು. ಗಂಡ ಮೈಲಪ್ಪನಿಗೆ ಮರಕ್ಕೇನೂ ಬರವಿರಲಿಲ್ಲ. ಗುತ್ತೂರಿನ ಬಳಿ ಅವನು ದುಡಿಯುವ ಕಾರ್ಖಾನೆಗೆ ಮಾಲು ಹೊತ್ತು ಬರುವ, ಹಲಗೆಗಳಿಗೆ ಮೊಳೆ ಹೊಡೆದು ಮಾಡಿದ ಮರದ ಪ್ಯಾಲೆಟ್‌ಗಳನ್ನು ಮೂಲೆಗೆ ಎಸೆಯುತ್ತಿದ್ದರು. ಇವನು ಅವನ್ನು ಕೇಳಿಕೊಂಡು ಲಗೇಜ್ ಆಟೋದಲ್ಲಿ ಮನೆಗೆ ತರುತ್ತಿದ್ದ. ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ, ಇಟ್ಟರೆ ಮೊಳೆ.

ಆ ಹಲಗೆಗಳಿಂದ ಹದಡಿಯ ತಂಗಿಗೆ ಸೋಫಾ ಆಯಿತು. ದಾವಣಗೆರೆಯ ಗೆಳೆಯನಿಗೆ ಟೀವಿ ಸ್ಟ್ಯಾಂಡ್ ಆಯಿತು. ಎದುರುಮನೆಯ ಕೋಳಿಗಳಿಗೂ ಗೂಡಾಯಿತು. ಮಣೆ ಕೇಳಿದಾಗಲೆಲ್ಲ, "ಅದೇನ್ ದೊಡ್ಡ ಕೆಲ್ಸ, ನಾಳೆ ಮಾಡ್ತೀನಿ ಬಿಡು" ಎನ್ನುತ್ತಿದ್ದ.

"ಕೋಳಿಯಾಗಿ ಹುಟ್ಟಿದ್ರೆ ನನಗೂ ಏನಾರ ಸಿಗ್ತಿತ್ತು" ಎಂದು ಓಬವ್ವ ಸಿಡುಕಿದ ಮೇಲೆ, ಆಯುಧಪೂಜೆಯ ಹಿಂದಿನ ದಿನ ಅಂತೂ ಇಂತೂ ಮಣೆ ಸಿದ್ಧವಾಯಿತು. ಉಜ್ಜಿ ಉಜ್ಜಿ ನುಣುಪು ಮಾಡಿ ಪಾಲಿಶ್ ಬೇರೆ ಹೊಡೆದಿದ್ದ.

ಹಬ್ಬದ ಬೆಳಿಗ್ಗೆ ಓಬವ್ವ ಹಿಟ್ಟು ನಾದಿಕೊಂಡು ಮಣೆ ಹುಡುಕಿದರೆ, ಅದು ದೇವರ ಮುಂದಿತ್ತು. ಅದರ ಮೇಲೆ ಗರಗಸ, ಸುತ್ತಿಗೆ, ಉಳಿ. ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ಮಣೆ ಎತ್ತಲು ಹೋದವಳನ್ನು ಮೈಲಪ್ಪ ತಡೆದ.

"ಏ, ಮುಟ್ಟಬ್ಯಾಡ! ಪೂಜೆ ಆಗೈತೆ. ಇನ್ನು ಅದ್ರ ಮ್ಯಾಲೆ ಕುಂಡ್ರಂಗಿಲ್ಲ."

ಓಬವ್ವ ಹಿಟ್ಟಿನ ಪರಾತವನ್ನು ತಂದು ಸುತ್ತಿಗೆಯ ಮುಂದೆ ಕುಕ್ಕಿದಳು.

"ಹಂಗಾರೆ ಮಣೆ ಮ್ಯಾಲೆ ಕುಂತೋರೇ ಇವತ್ತು ರೊಟ್ಟಿ ತಟ್ಟಲಿ ಬಿಡ್ರಿ."